ಸೀಟಿಗೆ ಬೆಲೆ ಕಟ್ಟಿದವರು ಯಾರು?

ಕಾಲೇಜುಗಳ ಚರ್ಚಾ ಸ್ಪರ್ಧೆಗೆ ಎಂದೂ ಹಳೆಯದಾಗದ ವಿಷಯವೊಂದಿದೆ: ‘ಸಮಾಜದ ಸಮಸ್ಯೆಗಳಿಗೆಲ್ಲ ಬಂಡವಾಳಶಾಹಿಯೇ ಕಾರಣ’. ಅಧ್ಯಕ್ಷರಿಗೆ, ತೀರ್ಪುಗಾರರಿಗೆ ವಂದಿಸಿ ಮಾತು ಶುರುಮಾಡುವ ಹುಡುಗಿ ವಿಷಯದ ಪರ. ಬಡತನ, ನಿರುದ್ಯೋಗ, ಕೊಳೆಗೇರಿ, ಹೊಲಸಾದ ನದಿ ಎಲ್ಲವನ್ನೂ ಲಾಭಕೋರರ ತಲೆಗೆ ಕಟ್ಟಿ ಇಳಿಯುತ್ತಾಳೆ. ಅವಳ ನಂತರ ಬರುವ ಹುಡುಗ ವಿರೋಧ. 1991ರಲ್ಲಿ ಸೋವಿಯತ್ ಒಕ್ಕೂಟ ಚೂರಾದದ್ದನ್ನು ನೆನಪಿಸುತ್ತಾನೆ. ಮನೆಗೊಂದು ಟೆಲಿಫೋನು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವನ್ನು ಬಣ್ಣಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಗಂಟೆ ಬಾರಿಸುತ್ತದೆ. ಪರ್ಯಾಯ ಫಲಕ ಯಾವುದೋ ಒಂದು ಕಾಲೇಜಿನ ಪಾಲಾಗುತ್ತದೆ. ಕೇಳಿದವರು ಬರುವಾಗ ತಂದ ಅಭಿಪ್ರಾಯವನ್ನೇ ಹೊತ್ತುಕೊಂಡು ಮನೆಗೆ ಮರಳುತ್ತಾರೆ.

ಆದರೆ ಅದೇ ಚರ್ಚೆ ಮನೆಯೊಳಗೆ ಬೇರೆ ರೂಪದಲ್ಲಿ ಕಾದು ಕೂತಿರುತ್ತದೆ. ಪಿಯುಸಿ ಫಲಿತಾಂಶ ಬಂದ ವಾರ. ಮಗಳಿಗೆ ಡಾಕ್ಟರಾಗುವ ಆಸೆ. ಅಂಕ ಚೆನ್ನಾಗಿಯೇ ಬಂದಿದೆ, ಆದರೆ ಪ್ರವೇಶ ಪರೀಕ್ಷೆಯ ಶ್ರೇಯಾಂಕ ಸ್ವಲ್ಪದರಲ್ಲಿ ಕೈಕೊಟ್ಟಿದೆ. ಅಡುಗೆಮನೆಯಲ್ಲಿ ಅಪ್ಪ-ಅಮ್ಮ ದನಿ ತಗ್ಗಿಸಿ ಮಾತನಾಡುತ್ತಾರೆ. ‘ಎಷ್ಟು ಕೇಳ್ತಾರಂತೆ?’ ಎಂಬುದು ಮೊದಲ ಪ್ರಶ್ನೆ. ಊರಿನ ಎರಡೆಕರೆಯ ಪಹಣಿ ಎಲ್ಲಿದೆ ಎಂಬುದು ಎರಡನೆಯದು. ಬಂಡವಾಳಶಾಹಿ ಎಂಬ ದೊಡ್ಡ ಪದ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಆದರೂ ಅಲ್ಲಿ ನಡೆಯುವುದು ಅದರದೇ ಚರ್ಚೆ. ಒಂದು ವಸ್ತು ಯಾರಿಗೆ ಸಿಗಬೇಕು ಎಂಬುದನ್ನು ಅದರ ಬೆಲೆಯೇ ತೀರ್ಮಾನಿಸಬೇಕೆ? ಆ ವಸ್ತು ವಿದ್ಯೆಯೇ ಆಗಿದ್ದರೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಲಂಡನ್ನಿಗೂ ಹೋಗಬೇಕಾಗಿಲ್ಲ, ಮಾಸ್ಕೋಗೂ ಹೋಗಬೇಕಾಗಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಇದರ ಬಗ್ಗೆ ನಡೆದ ದೊಡ್ಡ ವಾದಗಳಲ್ಲಿ ಹಲವು ಹುಟ್ಟಿದ್ದು ಕರ್ನಾಟಕದಲ್ಲೇ.

ವಾರಾನ್ನದಿಂದ ಡೊನೇಷನ್‌ವರೆಗೆ

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ’ ಎಂಬ ಗಾದೆ ಹುಟ್ಟಿದ ನಾಡಿದು. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಅನ್ನಕ್ಕೂ ಜಾತಿಯ ಗೆರೆ ಇತ್ತು, ಎಲ್ಲ ಮನೆಯ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸಮುದಾಯಗಳು ಚಂದಾ ಎತ್ತಿ ಕಟ್ಟಿದ ಹಾಸ್ಟೆಲುಗಳು ಬಂದ ಮೇಲೆ ಹಳ್ಳಿಯ ಸಾವಿರಾರು ಮಕ್ಕಳು ಪೇಟೆಯ ಶಾಲೆಯ ಮೆಟ್ಟಿಲು ಹತ್ತಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದವರು ಏಳು ಮಂದಿ. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದಾಗ, ಸರಕಾರದ ಹಣವಿಲ್ಲದೆ ವೈದ್ಯಕೀಯ ಕಾಲೇಜೊಂದನ್ನು ನಡೆಸಬಹುದೆಂಬ ನಂಬಿಕೆಯೇ ಹೊಸದಾಗಿತ್ತು.

ಎಪ್ಪತ್ತು, ಎಂಬತ್ತರ ದಶಕಗಳ ಹೊತ್ತಿಗೆ ಚಿತ್ರ ಬದಲಾಯಿತು. ಪಿಯುಸಿ ಮುಗಿಸಿದವರ ಸಂಖ್ಯೆ ಏರಿತು. ಸರಕಾರಿ ಕಾಲೇಜಿನ ಸೀಟು ಏರಲಿಲ್ಲ. ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಎದ್ದವು. ಉತ್ತರ ಭಾರತದಿಂದ ತಂದೆ-ತಾಯಿ ಮಕ್ಕಳನ್ನು ಕರೆದುಕೊಂಡು ಕರ್ನಾಟಕದ ರೈಲು ಹತ್ತತೊಡಗಿದರು. ಆಗ ಬಳಕೆಗೆ ಬಂದ ಮಾತು ‘ಡೊನೇಷನ್’. ಕೊಡುವವನು ಮನಸಾರೆ ಕೊಟ್ಟರೆ ಅದು ದಾನ. ಇಲ್ಲಿ ಮೊತ್ತವನ್ನು ಗೊತ್ತುಮಾಡುವವನು ಪಡೆಯುವವನು. ಕೊಡದಿದ್ದರೆ ಸೀಟಿಲ್ಲ, ಕೊಟ್ಟರೆ ರಸೀದಿಯಿಲ್ಲ. ಬೆಲೆಗೆ ದಾನವೆಂದು ನಾಮಕರಣ ಮಾಡಿದ್ದೇ ಈ ವ್ಯವಹಾರದ ಮೊದಲ ಸುಳ್ಳು.

ಕಾನೂನು ಬಂತು, ರಂಗೋಲಿಯೂ ಬಂತು

ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, 1984ರಲ್ಲಿ, ಕರ್ನಾಟಕ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತಂದಿತು. ತಪ್ಪಿದವರಿಗೆ ಜೈಲು ಶಿಕ್ಷೆಯ ಅವಕಾಶವೂ ಅದರಲ್ಲಿತ್ತು. ಆದರೆ ಅದೇ ಕಾಯ್ದೆ ಶುಲ್ಕ ಎಷ್ಟಿರಬೇಕೆಂದು ಗೊತ್ತುಮಾಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತು. ಸರಕಾರಿ ಸೀಟು ಪಡೆದವರಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000. ಹೊರರಾಜ್ಯದವರಿಗೆ 60,000. ಒಂದೇ ತರಗತಿ, ಒಂದೇ ಉಪನ್ಯಾಸಕ, ಒಂದೇ ಬೆಂಚು. ಬೆಲೆ ಮಾತ್ರ ಮೂರು.

ಈ ಪಟ್ಟಿಯನ್ನು ಪ್ರಶ್ನಿಸಿದ್ದು ಉತ್ತರ ಪ್ರದೇಶದ ಮೀರತ್‌ನಿಂದ ಬಂದ ಒಂದು ಅರ್ಜಿ. 1991ರಲ್ಲಿ ತುಮಕೂರು ಕಡೆಯ ಖಾಸಗಿ ವೈದ್ಯಕೀಯ ಕಾಲೇಜೊಂದು, ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ ಕೊಡುವಂತೆ ವಿದ್ಯಾರ್ಥಿನಿಗೆ ಹೇಳಿತು. ಅಷ್ಟು ಹಣ ತನ್ನ ಕೈಲಾಗದು ಎಂದರು ತಂದೆ. ಸೀಟು ಸಿಗಲಿಲ್ಲ. ಮೋಹಿನಿ ಜೈನ್ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ 1992ರ ಜುಲೈ 30ರಂದು ತೀರ್ಪಿತ್ತರು. ಶಿಕ್ಷಣದ ಹಕ್ಕು ಬದುಕುವ ಹಕ್ಕಿನಲ್ಲೇ ಅಡಗಿದೆ. ಕ್ಯಾಪಿಟೇಷನ್ ಎಂಬುದು ಹಣವಂತರಿಗೆ ಮಾತ್ರ ಬಾಗಿಲು ತೆರೆಯುವ, ಸಮಾನತೆಗೆ ವಿರುದ್ಧವಾದ ಪದ್ಧತಿ ಎಂಬುದು ಅದರ ಸಾರ.

ಖಾಸಗಿ ಕಾಲೇಜುಗಳು ಸುಮ್ಮನಿರಲಿಲ್ಲ. ವಿಷಯ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 1993ರ ಫೆಬ್ರುವರಿ 4ರ ಉನ್ನಿಕೃಷ್ಣನ್ ತೀರ್ಪು ಹಕ್ಕಿಗೊಂದು ಗಡಿ ಹಾಕಿತು. 14 ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು. ಅದರಾಚೆಗೆ ಸರಕಾರದ ಆರ್ಥಿಕ ಶಕ್ತಿಯನ್ನು ನೋಡಬೇಕು ಎಂದಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಒಂದು ಯೋಜನೆಯನ್ನೂ ಕೊಟ್ಟಿತು: ಅರ್ಧ ಸೀಟು ‘ಫ್ರೀ’, ಅರ್ಧ ‘ಪೇಮೆಂಟ್’, ಎರಡೂ ಅರ್ಹತೆಯ ಆಧಾರದ ಮೇಲೆ. 1994ರಲ್ಲಿ, ವೀರಪ್ಪ ಮೊಯಿಲಿಯವರ ಕಾಲದಲ್ಲಿ, ಕರ್ನಾಟಕದ ಸಿಇಟಿ ಜಾರಿಗೆ ಬಂತು. ಶ್ರೇಯಾಂಕದ ಪ್ರಕಾರ ಕರೆಯುವುದು, ಉಳಿದಿರುವ ಸೀಟುಗಳನ್ನು ಎಲ್ಲರ ಮುಂದೆ ತೋರಿಸುವುದು, ವಿದ್ಯಾರ್ಥಿಯೇ ಆರಿಸಿಕೊಳ್ಳುವುದು. ಶಿಫಾರಸು ಪತ್ರ ಹಿಡಿದು ಕಾಲೇಜಿನ ವರಾಂಡದಲ್ಲಿ ಕೂರುತ್ತಿದ್ದ ಅಪ್ಪಂದಿರಿಗೆ ಇದು ದೊಡ್ಡ ಬಿಡುಗಡೆ. ರಾಜಕೀಯ ಸುಧಾರಣೆ ಎಂದರೆ ಭಾಷಣವಷ್ಟೇ ಅಲ್ಲ, ಒಂದು ಸರಿಯಾದ ಸಾಲು ನಿಲ್ಲಿಸುವುದೂ ಹೌದು ಎಂಬುದಕ್ಕೆ ಸಿಇಟಿ ಸಾಕ್ಷಿಯಾಯಿತು.

ವಿರೋಧಿಗಳ ವಾದವನ್ನೂ ಕೇಳಿ

ಹಾಗಾದರೆ ತಪ್ಪೆಲ್ಲ ಬಂಡವಾಳದ್ದೇ? ಮಾರುಕಟ್ಟೆಯ ಪರ ಮಾತನಾಡುವವರ ವಾದದಲ್ಲೂ ಹುರುಳಿದೆ. ಸೀಮೆಎಣ್ಣೆಯ ಕಾಲವನ್ನು ನೆನೆಸಿಕೊಳ್ಳಿ ಎನ್ನುತ್ತಾರೆ ಅವರು. ನ್ಯಾಯಬೆಲೆ ಅಂಗಡಿಯಲ್ಲಿ ದರ ಕಡಿಮೆ, ದಾಸ್ತಾನು ಇನ್ನೂ ಕಡಿಮೆ, ಹಿಂಬಾಗಿಲಲ್ಲಿ ಕಾಳಸಂತೆ. ಸೀಟಿನ ಕತೆಯೂ ಅದೇ. 1984ರ ಕಾಯ್ದೆ ಬೆಲೆಯನ್ನು ಕಟ್ಟಿಹಾಕಿತೇ ಹೊರತು ಸೀಟನ್ನು ಹೆಚ್ಚಿಸಲಿಲ್ಲ. ಕಾಲೇಜು ತೆರೆಯಲು ಬೇಕಿದ್ದುದು ಸರಕಾರದ ಪರವಾನಗಿ. ಪರವಾನಗಿ ಪಡೆಯಲು ಬೇಕಿದ್ದುದು ವಿಧಾನಸೌಧದ ಸಂಪರ್ಕ. ಆಡಳಿತ ಮಂಡಳಿಗಳಲ್ಲಿ ರಾಜಕಾರಣಿಗಳ ಹೆಸರು ಕಾಣುವುದು ನಾಡಿನಲ್ಲಿ ಯಾರಿಗೂ ಆಶ್ಚರ್ಯ ತರುವ ಸಂಗತಿಯಲ್ಲ. ಸ್ಪರ್ಧೆಯಿಲ್ಲದ ಕಡೆ ಪರವಾನಗಿ ಹಿಡಿದವನು ಕೇಳಿದ್ದೇ ಬೆಲೆ. ಇದು ಮುಕ್ತ ಮಾರುಕಟ್ಟೆಯಲ್ಲ, ಮಾರುಕಟ್ಟೆಯ ವೇಷ ಹಾಕಿದ ಜಹಗೀರು ಎಂಬುದು ಅವರ ಆರೋಪ.

ಎಂಜಿನಿಯರಿಂಗ್ ಶಿಕ್ಷಣ ಈ ವಾದವನ್ನು ಒಂದು ಮಟ್ಟಿಗೆ ನಿಜ ಮಾಡಿತು. ಕಾಲೇಜುಗಳು ಹೆಚ್ಚಿದವು. ಸೀಟು ಸಿಕ್ಕರೆ ಸಾಕು ಎಂದು ಅಪ್ಪ ಅಲೆಯುತ್ತಿದ್ದ ಕಾಲ ಹೋಗಿ, ಅಷ್ಟೇನೂ ಹೆಸರಿಲ್ಲದ ಕಾಲೇಜುಗಳಲ್ಲಿ ಪ್ರತಿ ವರ್ಷ ಸೀಟು ಖಾಲಿ ಉಳಿಯುವ ಕಾಲ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸಿದ್ದರಲ್ಲಿ ಈ ಖಾಸಗಿ ಕಾಲೇಜುಗಳ ಪಾಲು ಸಣ್ಣದಲ್ಲ. ಸರಕಾರವೊಂದನ್ನೇ ನೆಚ್ಚಿಕೊಂಡಿದ್ದರೆ ಮೊದಲ ತಲೆಮಾರಿನ ಎಷ್ಟೋ ಎಂಜಿನಿಯರುಗಳು ಊರಲ್ಲೇ ಉಳಿಯಬೇಕಿತ್ತು.

ಫ್ರೀ ಸೀಟಿನ ಯೋಜನೆಯಲ್ಲೂ ಅವರು ಒಂದು ಮುಳ್ಳು ತೋರಿಸಿದರು. ಪೇಮೆಂಟ್ ಸೀಟಿನವನ ಹಣದಿಂದ ಫ್ರೀ ಸೀಟಿನವನ ಓದು ನಡೆಯುತ್ತಿತ್ತು. ಆದರೆ ಮುಂದಿನ ಶ್ರೇಯಾಂಕ ಯಾರದು? ಪೇಟೆಯ ಒಳ್ಳೆಯ ಶಾಲೆಯಲ್ಲಿ ಓದಿ, ಟ್ಯೂಷನ್ನಿಗೆ ಹೋಗಿಬಂದವರದೇ ಹೆಚ್ಚು. ಹಳ್ಳಿಯ ಸಾಧಾರಣ ಶಾಲೆಯಿಂದ ಬಂದ ಹುಡುಗ ಸಾಲ ಮಾಡಿ ಪೇಮೆಂಟ್ ಸೀಟು ಸೇರುತ್ತಿದ್ದ. ಅಂದರೆ ಉಳ್ಳವನ ಮಗನ ಓದಿಗೆ ಇಲ್ಲದವನ ಮಗ ಹಣ ಕಟ್ಟುವ ವಿಪರೀತ! 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣದಲ್ಲಿ ಈ ಯೋಜನೆಯನ್ನೇ ತಳ್ಳಿಹಾಕಿತು. ವಿದ್ಯಾಸಂಸ್ಥೆ ನಡೆಸುವುದು ಸಂವಿಧಾನದ 19(1)(ಜಿ) ವಿಧಿಯ ಪ್ರಕಾರ ಒಂದು ಉದ್ಯೋಗ. ಸಂಸ್ಥೆ ಬೆಳೆಯಲು ಬೇಕಾದ ನ್ಯಾಯವಾದ ಉಳಿತಾಯ ಸರಿ. ಲಾಭಕೋರತನ ಮತ್ತು ಕ್ಯಾಪಿಟೇಷನ್ ಸಲ್ಲದು ಎಂದಿತು. ಉಳಿತಾಯ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿ ಶುರುವಾಗುತ್ತದೆ? ಅಂದಿನಿಂದ ಜಗಳವೆಲ್ಲ ಆ ಗೆರೆಯ ಮೇಲೆ.

ಗೆರೆ ಎಳೆಯುವ ಕೆಲಸ ಇನ್ನೂ ಮುಗಿದಿಲ್ಲ. 2003ರಲ್ಲಿ ನ್ಯಾಯಾಲಯ ಶುಲ್ಕ ಮತ್ತು ಪ್ರವೇಶದ ಮೇಲೆ ಕಣ್ಣಿಡಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಗಳ ಸಮಿತಿ ಬೇಕೆಂದಿತು. 2005ರ ಇನಾಮ್‌ದಾರ್ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳು, ಸರಕಾರದ ನೆರವು ಪಡೆಯದ ಕಾಲೇಜಿನ ಮೇಲೆ ಸರಕಾರ ತನ್ನ ಪಾಲಿನ ಸೀಟುಗಳನ್ನಾಗಲೀ ಮೀಸಲಾತಿಯನ್ನಾಗಲೀ ಹೇರಲಾಗದು ಎಂದರು. ಸಂಸತ್ತು ಅದಕ್ಕೆ ಉತ್ತರವಾಗಿ 93ನೇ ತಿದ್ದುಪಡಿ ತಂದು, ಅಂಥ ಕಾಲೇಜುಗಳಲ್ಲೂ ಹಿಂದುಳಿದವರಿಗೆ, ಪರಿಶಿಷ್ಟರಿಗೆ ಮೀಸಲಾತಿ ಕೊಡುವ ದಾರಿ ತೆರೆಯಿತು. ಕರ್ನಾಟಕ 2006ರಲ್ಲಿ ಪ್ರವೇಶ ಮತ್ತು ಶುಲ್ಕ ನಿಯಂತ್ರಣಕ್ಕೆ ಹೊಸ ಕಾಯ್ದೆ ಮಾಡಿತು. ಮುಂದೆ ಸರಕಾರ ಮತ್ತು ಖಾಸಗಿ ಕಾಲೇಜುಗಳು ಸೀಟು ಹಂಚಿಕೆ, ಶುಲ್ಕಗಳ ಬಗ್ಗೆ ಒಪ್ಪಂದದ ದಾರಿ ಹಿಡಿದವು. ವರ್ಷವರ್ಷದ ಹಗ್ಗಜಗ್ಗಾಟಕ್ಕೆ ಕಾದು ಕೂರುವ ಸರದಿ ವಿದ್ಯಾರ್ಥಿಗಳದಾಯಿತು.

ಆಡಮ್ ಸ್ಮಿತ್ ಯಾರ ಪರ?

ಚರ್ಚಾ ಸ್ಪರ್ಧೆಗಳಲ್ಲಿ ಮಾರುಕಟ್ಟೆಯ ಪರವಾದಿಗಳು ತಪ್ಪದೆ ಕರೆತರುವ ಹೆಸರು ಆಡಮ್ ಸ್ಮಿತ್. 1776ರಲ್ಲಿ ಬಂದ ತನ್ನ ಮಹಾಗ್ರಂಥದಲ್ಲಿ ಆತ ಶಿಕ್ಷಣದ ಬಗ್ಗೆಯೂ ಬರೆದಿದ್ದಾನೆ. ವಿದ್ಯಾರ್ಥಿಗಳು ಬಂದರೂ ಬಾರದಿದ್ದರೂ ಸಂಬಳ ಬರುವಂತಿದ್ದರೆ ಮೇಷ್ಟರು ಸೋಮಾರಿಯಾಗುತ್ತಾರೆ ಎಂಬುದು ಆತನ ದೂರು. ತಾನು ಓದಿದ ಆಕ್ಸ್‌ಫರ್ಡನ್ನೇ ಉದಾಹರಣೆ ಕೊಡುತ್ತಾನೆ. ಆದರೆ ಅದೇ ಸ್ಮಿತ್, ಇಡೀ ದಿನ ಒಂದೇ ಕೆಲಸ ಮಾಡಿ ಮನಸ್ಸು ಜಡ್ಡುಗಟ್ಟುವ ಶ್ರಮಜೀವಿಗಳ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸುವ ಶಾಲೆಗಳನ್ನು ಸರಕಾರ ತನ್ನ ಖರ್ಚಿನಲ್ಲಿ ತೆರೆಯಬೇಕೆಂದೂ, ಬಡವನಿಗೂ ಎಟುಕುವಷ್ಟೇ ಶುಲ್ಕ ಇರಬೇಕೆಂದೂ ಹೇಳುತ್ತಾನೆ. ಬಂಡವಾಳಶಾಹಿಯ ಪಿತಾಮಹನೆನಿಸಿಕೊಂಡವನೇ ಎಲ್ಲವನ್ನೂ ಮಾರುಕಟ್ಟೆಗೆ ಬಿಡಲಿಲ್ಲ.

ಕಾರಣವೂ ಸರಳ. ತರಕಾರಿ ಕೊಳ್ಳುವವಳು ಬದನೆಕಾಯಿಯನ್ನು ತಿರುಗಿಸಿ ನೋಡುತ್ತಾಳೆ; ಹುಳುಕಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾಳೆ. ಶಿಕ್ಷಣವನ್ನು ಹಾಗೆ ಕೊಳ್ಳಲಾಗದು. ಕಾಲೇಜಿನ ಗುಣಮಟ್ಟ ಅರಿವಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿರುತ್ತವೆ, ಹಣ ಹೋಗಿರುತ್ತದೆ, ವಯಸ್ಸು ಮರಳುವುದಿಲ್ಲ. ವೈದ್ಯನ ಮುಂದೆ ಕೂತ ರೋಗಿಯ ಪಾಡೂ ಇದೇ. ಕೊಳ್ಳುವವನಿಗಿಂತ ಮಾರುವವನಿಗೆ ಬಹಳ ಹೆಚ್ಚು ಗೊತ್ತಿರುವಲ್ಲಿ ಮಾರುಕಟ್ಟೆ ತಾನಾಗಿ ನ್ಯಾಯ ಮಾಡದು ಎಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ವೈದ್ಯಕೀಯ ಸೇವೆಯ ಉದಾಹರಣೆಯೊಂದಿಗೆ ವಿವರಿಸಿದ್ದರು. ಸೀಟಿಗಾಗಿ ಜಮೀನು ಮಾರಿದ ಮನೆಯಿಂದ ಬಂದ ಯುವ ವೈದ್ಯನ ಮೇಲೆ ಆ ಹಣ ಮರಳಿ ತರುವ ಒತ್ತಡ ಇರುತ್ತದೆ. ಅವನು ತಾಲ್ಲೂಕಿನ ಆಸ್ಪತ್ರೆಯನ್ನು ಬಿಟ್ಟು ನಗರದ ಕಡೆ ನೋಡಿದರೆ ಅವನೊಬ್ಬನನ್ನೇ ದೂರುವುದು ಹೇಗೆ? ಹೀಗೆ ಕಾಲೇಜಿನ ಬಾಗಿಲಲ್ಲಿ ಕಟ್ಟಿದ ಬೆಲೆಯನ್ನು ಕೊನೆಗೆ ತೀರಿಸುವವರಲ್ಲಿ ಯಾವುದೋ ಹಳ್ಳಿಯ ರೋಗಿಯೂ ಒಬ್ಬ.

ನೀರು ಇಳಿಜಾರು ಹುಡುಕುವಂತೆ

ಸರಕಾರ ಚಾಪೆಯ ಕೆಳಗೆ ನುಸುಳಿದರೆ ಹಣ ರಂಗೋಲಿಯ ಕೆಳಗೆ ನುಸುಳುತ್ತದೆ. ಸಿಇಟಿ ಬಂದ ಮೇಲೆ ಪ್ರವೇಶ ಪರೀಕ್ಷೆಯ ತರಬೇತಿಯೇ ಒಂದು ಉದ್ಯಮವಾಯಿತು. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂದು ನೀಟ್ ಮೊದಲು 2013ರಲ್ಲಿ ನಡೆಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2016ರಲ್ಲಿ ಆ ತೀರ್ಪನ್ನು ಹಿಂದಕ್ಕೆ ಪಡೆದ ಮೇಲೆ ನೀಟ್ ಮರಳಿತು. ಖಾಸಗಿ ಕಾಲೇಜುಗಳು ತಮ್ಮತಮ್ಮ ಪರೀಕ್ಷೆ ನಡೆಸುವ ಹಿಂಬಾಗಿಲು ಇದರಿಂದ ಮುಚ್ಚಿತು, ನಿಜ. ಆದರೆ ರಾಜಸ್ಥಾನದ ಕೋಟಾದಂಥ ಊರುಗಳು ತರಬೇತಿಯ ಕಾರ್ಖಾನೆಗಳಾದವು. 2024ರಲ್ಲಿ ನೀಟ್ ಪ್ರಶ್ನೆಪತ್ರಿಕೆಯೇ ಸೋರಿಕೆಯಾಗಿ ದೇಶ ತಲೆತಗ್ಗಿಸಿತು. ಸೋರಿಕೆ ಆಗಿರುವುದನ್ನು ಒಪ್ಪಿದರೂ, ಅದು ಇಡೀ ಪರೀಕ್ಷೆಯನ್ನು ಕೆಡಿಸಿದೆ ಎನ್ನಲು ಆಧಾರ ಸಾಲದೆಂದು ಸುಪ್ರೀಂ ಕೋರ್ಟ್ ಮರುಪರೀಕ್ಷೆಗೆ ಒಪ್ಪಲಿಲ್ಲ.

ಹಾಗೆಂದು ಸುಧಾರಣೆಗಳೆಲ್ಲ ವ್ಯರ್ಥವೆಂದು ಕೈಚೆಲ್ಲುವುದು ಸರಿಯಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲು ಇದೆ. ಪಕ್ಕದ ತಮಿಳುನಾಡು 2020ರಲ್ಲಿ ಸರಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5 ಮೀಸಲಿಟ್ಟಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳ ಶುಲ್ಕಕ್ಕೆ ಮಾರ್ಗಸೂಚಿ ರೂಪಿಸುವ ಹೊಣೆಯನ್ನು ಆಯೋಗಕ್ಕೆ ಕೊಟ್ಟಿದೆ. ಇವು ಯಾವುವೂ ಮಾರುಕಟ್ಟೆಯನ್ನು ಮುಚ್ಚಲಿಲ್ಲ. ಮೂಗುದಾರ ಹಾಕಲು ನೋಡಿದವು.

ಇನ್ನೊಂದು ಮಾತನ್ನೂ ಹೇಳಲೇಬೇಕು. 1964-66ರ ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಎತ್ತಿಡಿ ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇಕಡಾ 6ರ ಗುರಿಯನ್ನು ಮತ್ತೆ ಬರೆದುಕೊಂಡಿದೆ. ಅರ್ಧ ಶತಮಾನದ ನಂತರವೂ ಗುರಿ ಗುರಿಯಾಗಿಯೇ ಉಳಿದಿದೆ ಎಂದರೆ, ಖಾಲಿ ಬಿಟ್ಟ ಜಾಗದಲ್ಲಿ ಬಂಡವಾಳ ಬಂದು ಕೂತದ್ದಕ್ಕೆ ಬಂಡವಾಳವೊಂದನ್ನೇ ಬೈಯುವುದು ಹೇಗೆ? ಬೇಲಿ ಹಾಕದವನೂ ಬೆಳೆ ಹಾಳಾದದ್ದಕ್ಕೆ ಉತ್ತರ ಹೇಳಬೇಕು.

ಗಂಟೆ ಬಾರಿಸಿದ ಮೇಲೆ

ಚರ್ಚೆಗೆ ನಿಲ್ಲುವ ವಿದ್ಯಾರ್ಥಿಗಳು ಈ ನಲವತ್ತು ವರ್ಷಗಳ ಕತೆಯಿಂದ ಕಲಿಯಬಹುದಾದದ್ದು ಇದೆ. ‘ಬಂಡವಾಳಶಾಹಿ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದರೆ ಸಿಗುವುದು ಚಪ್ಪಾಳೆ. ಪ್ರಶ್ನೆಯನ್ನು ಸ್ವಲ್ಪ ಚಿಕ್ಕದು ಮಾಡಿದರೆ ಸಿಗುವುದು ತಿಳಿವಳಿಕೆ. ಕೊಳ್ಳುವವನು ಸರಕನ್ನು ಪರೀಕ್ಷಿಸಬಲ್ಲನೆ? ಬೇರೆ ಅಂಗಡಿ ಇದೆಯೆ? ಕೊಳ್ಳಲಾಗದವನು ಏನು ಕಳೆದುಕೊಳ್ಳುತ್ತಾನೆ, ಒಂದು ಅನುಕೂಲವನ್ನೋ, ಇಡೀ ಬದುಕನ್ನೋ? ಈ ಮೂರು ಪ್ರಶ್ನೆ ಕೇಳಿದರೆ ಟೆಲಿಫೋನಿಗೆ ಸಿಗುವ ಉತ್ತರ ಬೇರೆ, ಎಂ.ಬಿ.ಬಿ.ಎಸ್. ಸೀಟಿಗೆ ಸಿಗುವ ಉತ್ತರ ಬೇರೆ. ಟೆಲಿಫೋನಿನಲ್ಲಿ ಸ್ಪರ್ಧೆ ಜನರಿಗೆ ಒಳಿತು ಮಾಡಿತು. ಎಂಜಿನಿಯರಿಂಗ್‌ನಲ್ಲಿ ಅರ್ಧ ಮಾಡಿತು. ಖಾಲಿ ಸೀಟಿನ ಕಾಲದಲ್ಲೂ ಬೇಡಿಕೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ನೂಕುನುಗ್ಗಲು ತಪ್ಪಲಿಲ್ಲ. ವೈದ್ಯಕೀಯದಲ್ಲಿ ಸೀಟಿನ ಕೊರತೆ ನೀಗುವವರೆಗೆ ಕಾನೂನಿನ ಕಾವಲು ಅನಿವಾರ್ಯ.

ಪೋಷಕರ ಪಾಲಿನ ಕೆಲಸ ಇನ್ನೂ ಕಷ್ಟದ್ದು. ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರವೆಂದು ಎಲ್ಲರಿಗೂ ಗೊತ್ತು. ಅದನ್ನು ದೂರುವವರೇ ತಮ್ಮ ಮಗನ ಸರದಿ ಬಂದಾಗ ‘ಯಾರಾದರೂ ಗೊತ್ತಿದ್ದಾರಾ’ ಎಂದು ವಿಚಾರಿಸುತ್ತಾರೆ. ತಂದೆಯ ಸಂಕಟ ಅರ್ಥವಾಗುವಂಥದೇ. ಆದರೆ ರಸೀದಿಯಿಲ್ಲದೆ ಒಬ್ಬರು ಕೊಟ್ಟ ಹಣ ಮುಂದಿನ ವರ್ಷ ಇನ್ನೊಬ್ಬರ ಮನೆಗೆ ದರವಾಗಿ ಹೋಗುತ್ತದೆ. ಸರಕಾರ ಪ್ರಕಟಿಸುವ ಶುಲ್ಕದ ಪಟ್ಟಿಯನ್ನು ಮೊದಲು ಓದಿಕೊಳ್ಳುವುದು, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳುವುದು, ಹೆಚ್ಚಿಗೆ ಕೇಳಿದವರ ಮೇಲೆ ದೂರು ಕೊಡುವುದು ಇವೆಲ್ಲ ಸಣ್ಣ ಕೆಲಸಗಳಂತೆ ಕಾಣುತ್ತವೆ. ರಾಜ್ಯದ ಕಾನೂನನ್ನು, ಕೊನೆಗೆ ದೇಶದ ಸಂವಿಧಾನದ ಓದನ್ನೇ ಅಲುಗಿಸಿದ್ದು ಮೀರತ್‌ನ ಒಂದು ಸಾಧಾರಣ ಅರ್ಜಿ ಎಂಬುದನ್ನು ನೆನೆದರೆ ಅವು ಅಷ್ಟು ಸಣ್ಣವೇನಲ್ಲ.

ಅಡುಗೆಮನೆಯ ಮಾತು ಬೆಳಗಿನವರೆಗೂ ಮುಗಿಯದಿರಬಹುದು. ಎರಡೆಕರೆ ಮಾರಬೇಕೆ, ಮಗಳು ಇನ್ನೊಂದು ವರ್ಷ ಓದಿ ಮತ್ತೆ ಪರೀಕ್ಷೆ ಬರೆಯಬೇಕೆ, ಬಿ.ಎಸ್ಸಿ. ಸೇರಬೇಕೆ ಎಂಬುದನ್ನು ಆ ಮನೆಯವರೇ ತೀರ್ಮಾನಿಸಬೇಕು. ಆದರೆ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುವ ಮಗಳನ್ನೂ ಒಳಗೆ ಕರೆದು ಕೂರಿಸಿಕೊಳ್ಳುವುದು ಒಳ್ಳೆಯದು. ನಾಳೆ ಚರ್ಚಾ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಮಾತನಾಡಬೇಕಾದವಳು ಅವಳೇ. ನಾಡಿದ್ದು ಓಟು ಹಾಕಬೇಕಾದವಳೂ ಅವಳೇ.